ಹಗ್ಗ ಎಳೆದು ಭುಜ ಸೋಲುವ ಮೊದಲು: ಸಣ್ಣ ಔಟ್‌ಬೋರ್ಡ್ ಮೋಟಾರಿನ ದೋಷವನ್ನು ಕ್ರಮವಾಗಿ ಹುಡುಕುವ ಬಗೆ

ಕೊಡಗಿನಲ್ಲಿ ಮಳೆ ಹಿಡಿದು ಕನ್ನಂಬಾಡಿ ಕಟ್ಟೆಗೆ ಒಳಹರಿವು ಶುರುವಾಯಿತೆಂದರೆ, ಆನಂದೂರು, ಮೀನಾಕ್ಷಿಪುರದ ಕಡೆಯ ಹಿನ್ನೀರಿನ ದಡದಲ್ಲಿ ಸ್ಟಾರ್ಟರ್ ಹಗ್ಗ ಎಳೆಯುವ ಸದ್ದು ಅಲ್ಲಲ್ಲಿ ಕೇಳತೊಡಗುತ್ತದೆ. ಹರಿಗೋಲಿನವರಿಗೆ ಈ ತಾಪತ್ರಯವಿಲ್ಲ. ಕೈಯಲ್ಲಿ ಹುಟ್ಟು ಇದ್ದರೆ ಸಾಕು. ಫೈಬರ್ ದೋಣಿಯ ಬೆನ್ನಿಗೆ ಎರಡರಿಂದ ಹತ್ತು ಅಶ್ವಶಕ್ತಿಯ ಮೋಟಾರು ಕಟ್ಟಿಕೊಂಡವರದೇ ಪಾಡು. ನೀರು ತಗ್ಗಿದಾಗ ಕೊಟ್ಟಿಗೆಯ ಮೂಲೆಗೆ ಸೇರಿಸಿ ಗೋಣಿಚೀಲ ಹೊದಿಸಿದ್ದ ಮೋಟಾರನ್ನು ನಾಲ್ಕು ತಿಂಗಳ ಮೇಲೆ ಹೊರಗೆ ತಂದರೆ, ಅದು ಇಪ್ಪತ್ತು ಸಲ ಎಳೆದರೂ ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆದರೂ ಕೆಮ್ಮುತ್ತ, ಮಿಸ್ ಹೊಡೆಯುತ್ತ, ಗೇರಿಗೆ ಹಾಕಿದೊಡನೆ ಆರಿಹೋಗುತ್ತದೆ.

ಇಂಥ ಹೊತ್ತಿನಲ್ಲಿ ಬಹುಪಾಲು ಜನ ಮಾಡುವುದೇನೆಂದರೆ, ಒಂದೇ ಉಸಿರಿಗೆ ಕಿಡಿ ಹಾರಿಸುವ ಪ್ಲಗ್ಗು ಬದಲಿಸುತ್ತಾರೆ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರಿನ ಸ್ಕ್ರೂಗಳನ್ನೆಲ್ಲ ತಿರುಗಿಸುತ್ತಾರೆ, ಪೆಟ್ರೋಲಿಗೆ ಇನ್ನಷ್ಟು ಆಯಿಲ್ ಸುರಿಯುತ್ತಾರೆ. ಮೋಟಾರು ಸರಿಹೋದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ಸರಿಹೋಗದಿದ್ದರೆ ಮೊದಲಿದ್ದ ಒಂದು ದೋಷಕ್ಕೆ ಹೊಸದಾಗಿ ಮೂರು ಸೇರಿಕೊಂಡಿರುತ್ತವೆ. ಮೊದಲ ವರ್ಷ ನಾನೂ ಹೀಗೆಯೇ ಮಾಡಿದ್ದೆ. ಒಂದು ಭಾನುವಾರ ಬೆಳಗ್ಗೆ ನಲವತ್ತು ಸಲವಾದರೂ ಹಗ್ಗ ಎಳೆದು, ಎರಡು ಪ್ಲಗ್ಗುಗಳನ್ನೂ ಬದಲಿಸಿ, ಕಾರ್ಬುರೇಟರನ್ನು ಬಿಚ್ಚಲು ಸ್ಪ್ಯಾನರ್ ಹಿಡಿದಾಗ, ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಎದ್ದು ಬಂದು ಟ್ಯಾಂಕಿನ ಮುಚ್ಚಳದ ಮೇಲಿದ್ದ ಗಾಳಿಯ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿದರು. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಮೂರನೆಯ ಎಳೆತಕ್ಕೆ ಮೋಟಾರು ಎದ್ದಿತು. ಅಂದಿನಿಂದ ನಾನು ಟ್ಯಾಂಕಿನಿಂದ ಶುರುಮಾಡಿ ಇಂಜಿನ್ನಿನ ಕಡೆಗೆ ಹೋಗುತ್ತೇನೆಯೇ ಹೊರತು ಇಂಜಿನ್ನಿನಿಂದ ಟ್ಯಾಂಕಿನ ಕಡೆಗೆ ಬರುವುದಿಲ್ಲ.

ಇಂಜಿನ್ ನಡೆಯಲು ಬೇಕಾದವು ಮೂರು: ಗಾಳಿಯೊಡನೆ ಸರಿಯಾದ ಪ್ರಮಾಣದಲ್ಲಿ ಬೆರೆತ ಪೆಟ್ರೋಲು, ಸರಿಯಾದ ಹೊತ್ತಿಗೆ ಹಾರುವ ಕಿಡಿ, ಸಿಲಿಂಡರಿನೊಳಗೆ ಸಾಕಷ್ಟು ಒತ್ತಡ. ಹುಡುಕಾಟವೂ ಇದೇ ಕ್ರಮದಲ್ಲಿ ನಡೆಯಬೇಕು. ವರ್ಷದಲ್ಲಿ ಅರ್ಧ ಕಾಲ ಸುಮ್ಮನೆ ನಿಲ್ಲುವ ಮೋಟಾರಿನಲ್ಲಿ ಮೊದಲು ಕೆಡುವುದು ಪೆಟ್ರೋಲು; ಅದನ್ನು ಪರೀಕ್ಷಿಸಲು ಖರ್ಚೂ ಕಡಿಮೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೋಟಾರನ್ನು ಎಳೆದು ನೋಡಿ, ಏನಾಯಿತೆಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದಕ್ಕೆ ಹೋಗಬೇಕು.

ಡ್ರಮ್ಮಿನ ಏರ್ಪಾಡು

ದೋಷ ಹುಡುಕುವ ಕೆಲಸ ದೋಣಿಯ ಮೇಲೆ ಆಗುವಂಥದ್ದಲ್ಲ. ಕೈಜಾರಿದ ಜೆಟ್ಟು (ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ, ತೂತಿರುವ ಸಣ್ಣ ಹಿತ್ತಾಳೆ ತುಂಡು) ನೇರವಾಗಿ ನೀರಿನ ತಳಕ್ಕೆ ಹೋಗುತ್ತದೆ. ಇನ್ನೂರು ಲೀಟರಿನ ಡ್ರಮ್ಮಿನ ಬಾಯಿಗೆ ದಪ್ಪ ಹಲಗೆಯನ್ನು ಅಲುಗಾಡದಂತೆ ಬಿಗಿದು ಮೋಟಾರನ್ನು ಅದಕ್ಕೆ ಕಚ್ಚಿಸಿ. ಪ್ರೊಪೆಲರಿನ ಮೇಲ್ಭಾಗದಲ್ಲಿ ಅಡ್ಡಲಾಗಿರುವ ಚಪ್ಪಟೆ ರೆಕ್ಕೆಗಿಂತ ನಾಲ್ಕೈದು ಅಂಗುಲ ಮೇಲಿನವರೆಗೆ ನೀರು ತುಂಬಿಸಿ, ಪ್ರೊಪೆಲರನ್ನು ಕಳಚಿಡಿ.

ನೀರಿಲ್ಲದೆ, ಒಂದೇ ನಿಮಿಷವೆಂದರೂ, ಮೋಟಾರನ್ನು ಓಡಿಸಕೂಡದು. ಇಂಜಿನ್ನನ್ನು ತಂಪಾಗಿಡುವ ಪಂಪಿನೊಳಗೆ ರಬ್ಬರಿನ ಚಕ್ರವೊಂದಿದೆ. ಅದಕ್ಕೆ ಜಾರಲು ನೀರೇ ಬೇಕು. ಒಣಗಿ ತಿರುಗಿದರೆ ಕೆಲವೇ ಕ್ಷಣಗಳಲ್ಲಿ ಅದರ ಎಸಳುಗಳು ಸುಟ್ಟು ಹರಿಯುತ್ತವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆಯೇ ಹರಡಿಕೊಂಡಿರುತ್ತದೆ. ಆದ್ದರಿಂದ ಕೊಟ್ಟಿಗೆಯ ಒಳಗಲ್ಲ, ಬಯಲಿನಲ್ಲಿ ಕೆಲಸ ಮಾಡಬೇಕು. ಬೀಡಿ ಹಚ್ಚಿದವರನ್ನು ಮುಲಾಜಿಲ್ಲದೆ ದೂರ ಕಳಿಸಬೇಕು.

ಸ್ಪ್ಯಾನರ್ ಹಿಡಿಯುವ ಮೊದಲು

ತುರ್ತು ನಿಲುಗಡೆಯ ಗುಂಡಿಗೆ ಸಿಕ್ಕಿಸುವ ಕೆಂಪು ದಾರದ ಕ್ಲಿಪ್ಪು ತನ್ನ ಜಾಗದಲ್ಲಿದೆಯೇ ನೋಡಿ. ಅದು ಇಲ್ಲದಿದ್ದರೆ ಕಿಡಿಯೇ ಬರುವುದಿಲ್ಲ. ಗೇರು ನ್ಯೂಟ್ರಲ್‌ನಲ್ಲಿರಬೇಕು. ಟ್ಯಾಂಕಿನ ಗಾಳಿಯ ಸ್ಕ್ರೂ ತೆರೆದಿರಬೇಕು. ಇಂಜಿನ್ನಿನ ಮೇಲೆಯೇ ಟ್ಯಾಂಕಿರುವ ಎರಡು, ಮೂರು ಅಶ್ವಶಕ್ತಿಯ ಮೋಟಾರಾದರೆ ಪೆಟ್ರೋಲಿನ ಕಾಕ್ ತೆರೆದಿದೆಯೇ ಎಂಬುದನ್ನೂ ನೋಡಿ. ಮೈಸೂರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಚೋಕು ಪೂರ್ತಿ ಎಳೆಯದೆ ತಣ್ಣನೆಯ ಇಂಜಿನ್ ಏಳುವುದು ಕಷ್ಟ. ಮಧ್ಯಾಹ್ನ ಊಟ ಮುಗಿಸಿ ಬಂದು, ಇನ್ನೂ ಬಿಸಿಯಾಗಿರುವ ಇಂಜಿನ್ನಿಗೆ ಅದೇ ಚೋಕನ್ನು ಎಳೆದರೆ ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ನೆನೆದುಹೋಗುತ್ತದೆ.

ಇವೆಲ್ಲ ಸರಿಯಿದ್ದರೆ ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಕೈಗೆ ತೆಗೆದುಕೊಳ್ಳಿ. ಈ ಉಂಡೆ ಹೇಳುವಷ್ಟು ಸುದ್ದಿಯನ್ನು ಬೇರೆ ಯಾವ ಭಾಗವೂ ಹೇಳದು. ಅದರ ಮೇಲಿನ ಬಾಣದ ಗುರುತು ಮೋಟಾರಿನ ಕಡೆಗಿರಬೇಕು. ಬಾಣ ಮೇಲಕ್ಕೆ ಬರುವಂತೆ ನೆಟ್ಟಗೆ ಹಿಡಿದು ಹಿಸುಕಿದರೆ ಹತ್ತು ಹದಿನೈದು ಒತ್ತಿನಲ್ಲಿ ಅದು ಎಳನೀರು ತುಂಬಿದ ಕಾಯಿಯಂತೆ ಗಟ್ಟಿಯಾಗಬೇಕು. ಎಷ್ಟು ಹಿಸುಕಿದರೂ ಮೆತ್ತಗೇ ಇದ್ದರೆ ಮೂರರಲ್ಲೊಂದು ಆಗಿರುತ್ತದೆ: ಟ್ಯಾಂಕಿನ ಕಡೆಯಿಂದ ಪೈಪು ಗಾಳಿ ಎಳೆಯುತ್ತಿದೆ, ಉಂಡೆಯೊಳಗಿನ ಕವಾಟ ಸೋತಿದೆ, ಇಲ್ಲವೇ ಕಾರ್ಬುರೇಟರಿನ ಸೂಜಿ ಮುಚ್ಚಿಕೊಳ್ಳದೆ ಪೆಟ್ರೋಲು ಹೊರಚೆಲ್ಲುತ್ತಿದೆ. ಮೂರನೆಯದಾಗಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಮೋಟಾರು ಓಡುತ್ತಿರುವಾಗ ಉಂಡೆ ಒಳಕ್ಕೆ ಅಂಟಿಕೊಂಡು ಚಪ್ಪಟೆಯಾದರೆ ಟ್ಯಾಂಕಿನ ಕಡೆಯಲ್ಲಿ ಅಡಚಣೆಯಿದೆ ಎಂದರ್ಥ. ಗಾಳಿಯ ಸ್ಕ್ರೂ ಮುಚ್ಚಿರಬಹುದು, ಟ್ಯಾಂಕಿನೊಳಗಿನ ಜರಡಿ ಕಟ್ಟಿರಬಹುದು. ಮೋಟಾರು ಆರುವ ಹೊತ್ತಿಗೆ ಉಂಡೆಯನ್ನು ಹಿಸುಕಿದರೆ ಚೇತರಿಸಿಕೊಂಡು, ಬಿಟ್ಟರೆ ಮತ್ತೆ ಸೋತರೆ, ಇಂಜಿನ್ನಿಗೆ ಅಂಟಿಕೊಂಡಿರುವ ಪೆಟ್ರೋಲ್ ಪಂಪಿನ ತೆಳು ಪೊರೆ ಹರಿದಿದೆ ಅಥವಾ ಪೈಪಿನ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿದೆ. ಪೈಪಿನ ತುದಿಯ ಕನೆಕ್ಟರಿನೊಳಗಿರುವ ಸಣ್ಣ ರಬ್ಬರ್ ಉಂಗುರ ಬಿಸಿಲಿಗೆ ಸೀಳಿರುತ್ತದೆ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಆ ಉಂಗುರಕ್ಕಾಗಿ ಇಡೀ ಮೋಟಾರನ್ನು ಬಿಚ್ಚಿಸಿದವರನ್ನು ನಾನು ಬಲ್ಲೆ.

ಪೆಟ್ರೋಲು, ಮತ್ತು ಅದರೊಳಗಿನ ಕಬ್ಬು

ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಮಂಡ್ಯದವರಿಗೆ ಎಥನಾಲ್ ಹೊಸದಲ್ಲ. ಕಬ್ಬಿನ ರಸದಿಂದಲೂ ಕಾಕಂಬಿಯಿಂದಲೂ ಬರುವ ಮದ್ಯಸಾರವೇ ಅದು. ಗದ್ದೆಯಿಂದ ಹೊರಟ ಕಬ್ಬು ಕೊನೆಗೆ ನಮ್ಮ ದೋಣಿಯ ಟ್ಯಾಂಕಿಗೇ ಬಂದು ಸೇರುತ್ತದೆ ಎನ್ನಬಹುದು. ದಿನವೂ ಓಡುವ ಹೊಸ ವಾಹನಗಳಿಗಿಂತ ತಿಂಗಳುಗಟ್ಟಲೆ ನಿಲ್ಲುವ ಹಳೆಯ ದೋಣಿ ಮೋಟಾರಿಗೆ ಇದರಿಂದ ತೊಂದರೆ ಹೆಚ್ಚು. ಎಥನಾಲಿಗೆ ನೀರನ್ನು ಹೀರಿಕೊಳ್ಳುವ ಗುಣವಿದೆ. ಮಳೆಗಾಲದ ತೇವದ ಗಾಳಿಯಲ್ಲಿ ಅರ್ಧ ಖಾಲಿಯಾದ ಟ್ಯಾಂಕು ನಿಂತರೆ ಅದು ಆ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ, ಹಿಡಿಸುವಷ್ಟು ಮೀರಿದ ಮೇಲೆ ನೀರನ್ನು ಹೊತ್ತುಕೊಂಡೇ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಪೈಪು ಹೀರುವುದು ತಳದಿಂದಲೇ. ಇದಲ್ಲದೆ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಉಬ್ಬಿಸಿ, ಒಳಪದರವನ್ನು ಸಡಿಲಿಸಿ, ಕಪ್ಪು ಚೂರುಗಳನ್ನು ಕಾರ್ಬುರೇಟರಿಗೆ ಸಾಗಿಸುತ್ತದೆ. ಹೆಚ್ಚಿನ ಹಳೆಯ ಔಟ್‌ಬೋರ್ಡ್ ಮೋಟಾರುಗಳ ಕೈಪಿಡಿಯಲ್ಲಿ ಎಥನಾಲಿನ ಮಿತಿಯನ್ನು ಶೇ. 10 ಎಂದೇ ನಮೂದಿಸಿರುತ್ತಾರೆ.

ಪರೀಕ್ಷೆ ಸುಲಭ. ಕಾರ್ಬುರೇಟರಿನ ತಳದ ಬಟ್ಟಲಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ, ಒಳಗಿರುವುದನ್ನು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆಯದೇ ಪದರ ಕಂಡರೆ ನೀರು ಸೇರಿದೆ. ಬಣ್ಣ ಕಡು ಚಹಾದಂತಿದ್ದು ಹಳೆಯ ವಾರ್ನಿಷಿನ ವಾಸನೆ ಬಂದರೆ ಪೆಟ್ರೋಲು ಹಳಸಿದೆ. ಏನೂ ಬಾರದೆ ಬಟ್ಟಲು ಒಣಗಿದ್ದರೆ ಪೆಟ್ರೋಲು ಅಲ್ಲಿಯವರೆಗೆ ಬರುತ್ತಲೇ ಇಲ್ಲ. ಮತ್ತೆ ಉಂಡೆ, ಪೈಪು, ಪಂಪುಗಳ ಕಡೆಗೆ ಹಿಂದಿರುಗಬೇಕು. ಕೆಟ್ಟ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಸರಿದೂಗಿಸುವ ಲೆಕ್ಕಾಚಾರ ಬೇಡ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಒಣಗಿಸಿ, ಅಂದೇ ತಂದ ಪೆಟ್ರೋಲನ್ನು ಹಾಕಬೇಕು. ತಿಂಗಳು ಮೀರಿದ ಪೆಟ್ರೋಲನ್ನು ನಾನು ಮೋಟಾರಿಗೆ ಹಾಕುವುದನ್ನೇ ಬಿಟ್ಟಿದ್ದೇನೆ.

ಟೂ ಸ್ಟ್ರೋಕ್ ಮೋಟಾರಾದರೆ ಆಯಿಲಿನ ಅಳತೆಯನ್ನು ಕಣ್ಣಂದಾಜಿಗೆ ಬಿಡಬಾರದು. ಕೈಪಿಡಿಯಲ್ಲಿ ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿ.ಲೀ., ಐದು ಲೀಟರಿಗೆ 100 ಮಿ.ಲೀ.; ನೂರಕ್ಕೆ ಒಂದು ಎಂದಿದ್ದರೆ ಅದರ ಅರ್ಧ. ಹೆಚ್ಚು ಹಾಕಿದರೆ ಪ್ಲಗ್ಗು ಕಟ್ಟಿ ಹೊಗೆ ತುಂಬುತ್ತದೆ, ಕಡಿಮೆಯಾದರೆ ಪಿಸ್ಟನ್ ಜಾಮ್ ಆಗುತ್ತದೆ. ಸ್ಕೂಟರಿನ ಟೂ ಟಿ ಆಯಿಲ್ ಗಾಳಿಯಿಂದ ತಣಿಯುವ ಇಂಜಿನ್ನಿಗಾಗಿ ಮಾಡಿದ್ದು. ನೀರಿನಿಂದ ತಣಿಯುವ ದೋಣಿ ಮೋಟಾರಿಗೆ ಟಿಸಿ-ಡಬ್ಲ್ಯು3 ಎಂದು ಗುರುತಿರುವ, ಬೂದಿ ಉಳಿಸದ ಆಯಿಲ್ಲೇ ಬೇಕು.

ಕಾರ್ಬುರೇಟರನ್ನು ಬಿಚ್ಚುವುದು

ಹೊಸ ಪೆಟ್ರೋಲು ಬಟ್ಟಲಿಗೆ ಬರುತ್ತಿದ್ದೂ ಮೋಟಾರು ಚೋಕು ಎಳೆದಾಗ ಮಾತ್ರ ಓಡಿ, ಚೋಕು ಬಿಟ್ಟೊಡನೆ ಆರಿಹೋಗುತ್ತಿದ್ದರೆ ಅನುಮಾನ ಬೇಡ: ನಿಧಾನ ಓಟಕ್ಕೆ ಪೆಟ್ರೋಲು ಕೊಡುವ, ಕಾರ್ಬುರೇಟರಿನ ಪೈಲಟ್ ಜೆಟ್ಟು ಕಟ್ಟಿದೆ. ನಿಂತ ಪೆಟ್ರೋಲಿನ ಹಗುರಾದ ಅಂಶ ಹಾರಿಹೋಗಿ ಉಳಿದದ್ದು ಬೇವಿನ ಅಂಟಿನಂತೆ ಗಟ್ಟಿಯಾಗುತ್ತದೆ, ಮತ್ತು ಸೂಜಿಯ ಮೊನೆಯಷ್ಟಿರುವ ಪೈಲಟ್ ಜೆಟ್ಟಿನ ತೂತು ಮೊದಲು ಮುಚ್ಚುತ್ತದೆ. ಅದಕ್ಕಿಂತ ದೊಡ್ಡದಾದ ಮೇನ್ ಜೆಟ್ಟು ಕಟ್ಟಿದಾಗ ಲಕ್ಷಣ ತಿರುಗುಮುರುಗಾಗಿ, ನಿಧಾನವಾಗಿ ಚೆನ್ನಾಗಿ ಓಡುವ ಮೋಟಾರು ಆಕ್ಸಿಲರೇಟರ್ ಕೊಟ್ಟೊಡನೆ ಉಸಿರು ಕಟ್ಟಿದಂತೆ ಕುಗ್ಗುತ್ತದೆ.

ಬಿಚ್ಚುವ ಮೊದಲು ಪ್ರತಿ ಕೋನದಿಂದಲೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಲಿಂಕಿನ ಸಣ್ಣ ಕಡ್ಡಿ ಯಾವ ತೂತಿನಲ್ಲಿತ್ತು ಎಂಬುದು ಅರ್ಧ ಗಂಟೆಯ ನಂತರ ನೆನಪಿರುವುದಿಲ್ಲ. ಬಿಳಿಯ ಹಳೆ ಪಂಚೆಯನ್ನು ಹಾಸಿ ಅದರ ಮೇಲೆ ಕೆಲಸ ಮಾಡಿ. ಹಿಡಿದಿರುವ ಎರಡು ನಟ್ಟುಗಳನ್ನು ತೆಗೆದರೆ ಕಾರ್ಬುರೇಟರ್ ಕೈಗೆ ಬರುತ್ತದೆ. ಪಕ್ಕದಲ್ಲಿರುವ ಐಡಲ್ (ನಿಧಾನ ಓಟದ) ಮಿಶ್ರಣದ ಸ್ಕ್ರೂವನ್ನು ತೆಗೆಯುವ ಮೊದಲು ಅದನ್ನು ಮೃದುವಾಗಿ ಒಳಕ್ಕೆ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದುಕೊಳ್ಳಿ. ಬಲವಾಗಿ ಬಿಗಿದರೆ ಅದರ ಮೊನೆ ಹಾಳಾಗಿ ಮತ್ತೆಂದೂ ಹದಕ್ಕೆ ಬಾರದು. ಆಮೇಲೆ ಬಟ್ಟಲನ್ನು ಕಳಚಿ. ತಳದಲ್ಲಿ ಹಸಿರು ಪುಡಿಯೋ ಕಂದು ಅಂಟೋ ಕಂಡರೆ ಕಾಯಿಲೆ ಸಿಕ್ಕಿತೆಂದೇ ತಿಳಿಯಬಹುದು. ಬಟ್ಟಲಿನ ಪೆಟ್ರೋಲಿನಲ್ಲಿ ತೇಲುವ ಫ್ಲೋಟಿನ ಸಣ್ಣ ಕಡ್ಡಿಯನ್ನು ಎಳೆದರೆ ಫ್ಲೋಟು, ಅದರೊಡನೆ ಪೆಟ್ರೋಲನ್ನು ತಡೆಯುವ ಸೂಜಿ ಹೊರಬರುತ್ತವೆ. ಸೂಜಿಯ ರಬ್ಬರ್ ಮೊನೆಯ ಮೇಲೆ ಬಳೆಯಂತೆ ಗೀರು ಬಿದ್ದಿದ್ದರೆ ಅದನ್ನು ಬದಲಿಸಬೇಕು, ಕಾರ್ಬುರೇಟರ್ ಓವರ್‌ಫ್ಲೋ ಆಗಲು ಆ ಗೀರೇ ಕಾರಣ.

ಜೆಟ್ಟುಗಳನ್ನು ತೆಗೆಯಲು ಬಾಯಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಬೇಕು; ಹಿತ್ತಾಳೆ ಮೆತ್ತಗಿನ ಲೋಹ, ಒಮ್ಮೆ ಜಾರಿದರೆ ಆ ಬಾಯಿ ಹಾಳಾಗುತ್ತದೆ. ತೆಗೆದ ಜೆಟ್ಟನ್ನು ಆಕಾಶದ ಕಡೆಗೆ ಹಿಡಿದು ನೋಡಿ. ಸ್ವಚ್ಛವಾದ ಜೆಟ್ಟಿನಲ್ಲಿ ಬೆಳಕು ದುಂಡಗೆ ಕಾಣುತ್ತದೆ, ಕೊಳೆ ಕಟ್ಟಿದ್ದರೆ ಅರ್ಧಚಂದ್ರದಂತೆ ಕಾಣುತ್ತದೆ ಅಥವಾ ಕಾಣುವುದೇ ಇಲ್ಲ. ಇಲ್ಲಿ ತಂತಿ ಹಾಕಿ ಚುಚ್ಚುವವರೇ ಹೆಚ್ಚು. ಚುಚ್ಚಿದರೆ ತೂತು ದೊಡ್ಡದಾಗಿ ಪೆಟ್ರೋಲಿನ ಅಳತೆಯೇ ಕೆಡುತ್ತದೆ. ಹಿನ್ನೀರಿನ ದಡದಲ್ಲಿ ಇದಕ್ಕೆ ಸೊಗಸಾದ ಉಪಾಯವೊಂದಿದೆ: ಗಾಳಕ್ಕೆ ಕಟ್ಟುವ ತೆಳು ನೈಲಾನ್ ದಾರ. ಅದು ಹಿತ್ತಾಳೆಯನ್ನು ಗೀರುವುದಿಲ್ಲ, ಅಂಟನ್ನು ಮಾತ್ರ ತಳ್ಳುತ್ತದೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇಯನ್ನು ಒಳಗಿನ ಪ್ರತಿಯೊಂದು ದಾರಿಯಲ್ಲೂ ಹೊಡೆದು, ಅದು ಇನ್ನೊಂದು ಕಡೆಯಿಂದ ಚಿಮ್ಮುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಚಿಮ್ಮಿದ ಹನಿ ನೇರ ಮುಖಕ್ಕೇ ಬರುವುದರಿಂದ ಕನ್ನಡಕ ಹಾಕಿಕೊಳ್ಳಿ. ರಬ್ಬರಿನ ಭಾಗಗಳಿಗೆ ಈ ಸ್ಪ್ರೇ ತಾಗಬಾರದು.

ಮೈಸೂರಿನಲ್ಲಿ ಇರುವವರಿಗೆ ಒಂದು ಅನುಕೂಲವುಂಟು. 1961ರಿಂದ 1996ರವರೆಗೆ ಜಾವಾ, ಆಮೇಲೆ ಎಜ್ಡಿ ಎಂಬ ಹೆಸರಿನಲ್ಲಿ ಟೂ ಸ್ಟ್ರೋಕ್ ಬೈಕುಗಳು ತಯಾರಾಗುತ್ತಿದ್ದುದು ಇದೇ ಊರಿನ ಯಾದವಗಿರಿಯ ಕಾರ್ಖಾನೆಯಲ್ಲಿ. ಅವುಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ಕುಗಳು ನಗರದಲ್ಲಿ ಇನ್ನೂ ಸಿಗುತ್ತಾರೆ. ಔಟ್‌ಬೋರ್ಡ್ ಮೋಟಾರನ್ನು ಅವರು ಕಂಡಿರದಿದ್ದರೂ ಅದರ ಕಾರ್ಬುರೇಟರನ್ನು ಕಂಡೊಡನೆ ಗುರುತು ಹಿಡಿಯುತ್ತಾರೆ. ಕೈಲಾಗದಿದ್ದರೆ ಕಾರ್ಬುರೇಟರನ್ನಷ್ಟೇ ಬಿಚ್ಚಿ ಅಂಥವರ ಬಳಿಗೆ ಒಯ್ಯುವುದು, ಇಡೀ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋಗುವುದಕ್ಕಿಂತ ಮೇಲು.

ಜೋಡಿಸುವಾಗ ಮಿಶ್ರಣದ ಸ್ಕ್ರೂವನ್ನು ಮೊದಲಿದ್ದ ಸುತ್ತಿಗೇ ತಂದಿಡಿ. ಲೆಕ್ಕ ತಪ್ಪಿದ್ದರೆ ಒಂದೂವರೆ ಸುತ್ತು ಹೊರಕ್ಕೆ ಇಟ್ಟು ಶುರುಮಾಡಬಹುದು. ಕೊನೆಯ ಹದ ಮಾಡುವುದು ಡ್ರಮ್ಮಿನಲ್ಲಲ್ಲ, ಇಂಜಿನ್ ಬಿಸಿಯಾದ ಮೇಲೆ, ದೋಣಿ ನೀರಿನಲ್ಲಿ ಗೇರಿನಲ್ಲಿರುವಾಗ, ಒಮ್ಮೆಗೆ ಎಂಟನೇ ಒಂದು ಸುತ್ತಿನಂತೆ. ಕರಾವಳಿಯಿಂದ ಹಳೆಯ ಮೋಟಾರು ಕೊಂಡು ತಂದವರು ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಕಬಿನಿಯ ಪೂರ್ಣ ಮಟ್ಟವೇ ಸಮುದ್ರಕ್ಕಿಂತ 2,284 ಅಡಿ ಎತ್ತರದಲ್ಲಿದೆ; ಈ ಎತ್ತರದಲ್ಲಿ ಗಾಳಿ ಕಡಲ ದಡಕ್ಕಿಂತ ಸುಮಾರು ಶೇ. 7ರಿಂದ 8ರಷ್ಟು ತೆಳು. ಅಲ್ಲಿ ಹದವಾಗಿದ್ದ ಮೋಟಾರಿಗೆ ಇಲ್ಲಿ ಪೆಟ್ರೋಲು ತುಸು ಹೆಚ್ಚಾಗಿ, ಐಡಲ್‌ನಲ್ಲಿ ಗುಡುಗುಡು ಅನ್ನುತ್ತ ಪ್ಲಗ್ಗು ಬೇಗ ಕಪ್ಪಾಗುತ್ತದೆ. ಕರಾವಳಿಯ ಮೀನುಗಾರರ ಮೋಟಾರುಗಳಲ್ಲಿ ಅನೇಕವು ಪೆಟ್ರೋಲಿನಲ್ಲಿ ಎದ್ದು ಆಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥವು. ಕೊಳ್ಳುವಾಗಲೇ ಅದನ್ನು ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಅವುಗಳ ಒತ್ತಡವೂ ಜೆಟ್ಟುಗಳೂ ಬೇರೆ.

ಪ್ಲಗ್ಗು ಮತ್ತು ಕಿಡಿ

ಪ್ಲಗ್ಗನ್ನು ಬಿಚ್ಚಿದೊಡನೆ ಒರೆಸಬೇಡಿ, ಓದಿ. ಮೂತಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಇಂಜಿನ್ ಆರೋಗ್ಯವಾಗಿದೆ. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಪೆಟ್ರೋಲು ಬರುತ್ತಿದೆ, ಉರಿಯುತ್ತಿಲ್ಲ. ಇಷ್ಟು ಸಲ ಎಳೆದ ಮೇಲೂ ಒಣಗಿದ್ದರೆ ಪೆಟ್ರೋಲು ಬರುತ್ತಲೇ ಇಲ್ಲ. ಸುಣ್ಣದಂತೆ ಬಿಳಿಚಿದ್ದರೆ ಗಾಳಿ ಹೆಚ್ಚಾಗಿ ಇಂಜಿನ್ ಕಾಯುತ್ತಿದೆ. ಇದನ್ನು ಉದಾಸೀನ ಮಾಡಿದರೆ ಪಿಸ್ಟನ್ ತೂತಾಗುತ್ತದೆ. ನೀರಿನ ಹನಿ ಕಂಡರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು. ಎರಡು ಸಿಲಿಂಡರಿನ ಮೋಟಾರಿನಲ್ಲಿ ಒಂದು ಪ್ಲಗ್ಗು ಕಂದಾಗಿದ್ದು ಇನ್ನೊಂದು ತೊಯ್ದಿದ್ದರೆ ಮೋಟಾರು ಒಂದೇ ಕಾಲಿನಲ್ಲಿ ಕುಂಟುತ್ತಿದೆ ಎಂದರ್ಥ. ಆಗ ಎರಡು ಪ್ಲಗ್ಗುಗಳನ್ನು ಅದಲುಬದಲು ಮಾಡಿ ನೋಡಿ. ದೋಷ ಪ್ಲಗ್ಗಿನೊಡನೆ ಆ ಕಡೆಗೆ ಹೋದರೆ ಪ್ಲಗ್ಗೇ ಕೆಟ್ಟದ್ದು, ಇದ್ದಲ್ಲೇ ಉಳಿದರೆ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್, ವೈರು ಅಥವಾ ಆ ಸಿಲಿಂಡರಿನದೇ ತೊಂದರೆ.

ಪೆಟ್ರೋಲು ಹೆಚ್ಚಾಗಿ ಸಿಲಿಂಡರ್ ತುಂಬಿಕೊಂಡಿದ್ದರೆ ಪ್ಲಗ್ಗು ಬಿಚ್ಚಿಟ್ಟು, ತುರ್ತು ಕ್ಲಿಪ್ಪು ತೆಗೆದು, ಚೋಕು ಒಳಗಿಟ್ಟು, ಆಕ್ಸಿಲರೇಟರನ್ನು ಪೂರ್ತಿ ತೆರೆದು ಏಳೆಂಟು ಸಲ ಹಗ್ಗ ಎಳೆಯಿರಿ. ಹೊರಬಿದ್ದ ಪೆಟ್ರೋಲಿನ ಆವಿ ಹೋಗುವವರೆಗೆ ಐದು ನಿಮಿಷ ಬಿಟ್ಟು ಒಣಗಿದ ಪ್ಲಗ್ಗನ್ನು ಹಾಕಿ.

ಕಿಡಿಯನ್ನು ನೋಡಲು ಸ್ಪಾರ್ಕ್ ಟೆಸ್ಟರ್ ಇದ್ದರೆ ಉತ್ತಮ. ಇಲ್ಲದಿದ್ದರೆ ಹಳೆಯ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿನ ಬರಿ ಲೋಹಕ್ಕೆ ವೈರಿನಿಂದ ಭದ್ರವಾಗಿ ಕಟ್ಟಿ, ಪ್ಲಗ್ಗಿನ ತೂತಿನಿಂದ ಆದಷ್ಟು ದೂರವಿಟ್ಟು, ಕ್ಲಿಪ್ಪನ್ನು ಮತ್ತೆ ಹಾಕಿ ಎಳೆಯಬೇಕು. ಕೈಯಲ್ಲಿ ಹಿಡಿದರೆ ಸಾವಿರಾರು ವೋಲ್ಟಿನ ಹೊಡೆತ ಬೀಳುತ್ತದೆ. ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ತೂಗಬಿಟ್ಟರೆ ಕಿಡಿಗೆ ವಿದ್ಯುತ್ ಕಳಿಸುವ ಸಿಡಿಐ ಘಟಕವೇ ಸುಟ್ಟುಹೋಗಬಹುದು. ನೆರಳಿನಲ್ಲಿ ನೋಡಿದಾಗ ಕಿಡಿ ನೀಲಿಯಾಗಿ, ಚಟಚಟ ಸದ್ದಿನೊಡನೆ ಹಾರಬೇಕು. ಹಳದಿಯಾಗಿ ಮಂಕಾಗಿದ್ದರೆ ಅದು ಒತ್ತಡದಡಿ ಆರಿಹೋಗುವ ಕಿಡಿ. ಕಿಡಿಯೇ ಇಲ್ಲದಿದ್ದರೆ ಕಾಯಿಲ್ ಕೊಳ್ಳಲು ಓಡುವ ಮೊದಲು ನಿಲುಗಡೆಯ ಗುಂಡಿಯಿಂದ ಬರುವ ವೈರನ್ನು ಪರೀಕ್ಷೆಗೆಂದು ಕಳಚಿ ಮತ್ತೊಮ್ಮೆ ನೋಡಿ. ಆಗ ಕಿಡಿ ಬಂದರೆ ಗುಂಡಿಯೊಳಗೆ ತುಕ್ಕೋ ನೀರೋ ಸೇರಿದೆ. ಆ ವೈರನ್ನು ಹಾಗೆಯೇ ಕಳಚಿಟ್ಟು ದೋಣಿ ಓಡಿಸುವುದು ಮಾತ್ರ ಸಲ್ಲದು. ನೀರಿಗೆ ಬಿದ್ದವನ ಮೇಲೆಯೇ ಪ್ರೊಪೆಲರು ತಿರುಗಿ ಬರುವುದನ್ನು ತಡೆಯುವುದು ಆ ಗುಂಡಿಯೊಂದೇ.

ಹೊಸ ಪ್ಲಗ್ಗಿನ ಸಂದನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಇಡಿ. ಮಾದರಿಗೆ ತಕ್ಕಂತೆ ಅದು 0.6 ಮಿ.ಮೀ.ನಿಂದ 1 ಮಿ.ಮೀ.ವರೆಗೆ ಇರುತ್ತದೆ. ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು ಬಿಗಿದರೆ ಸಾಕು. ಹೆಡ್ ಅಲ್ಯೂಮಿನಿಯಮ್ಮಿನದು, ತೂತಿನೊಳಗಿನ ಸ್ಕ್ರೂ ಸುತ್ತುಗಳು ಸವೆದರೆ ಖರ್ಚು ದೊಡ್ಡದು.

ಕಿಡಿ ಚೆನ್ನಾಗಿದ್ದೂ ಹಗ್ಗ ಕೈಯನ್ನು ಹಿಂದಕ್ಕೆ ಜಗ್ಗುತ್ತಿದ್ದರೆ, ಅದೂ ಪ್ರೊಪೆಲರು ಮರದ ಬೊಡ್ಡೆಗೆ ಬಡಿದ ಮೇಲೆ ಶುರುವಾಗಿದ್ದರೆ, ಫ್ಲೈವೀಲನ್ನು (ಇಂಜಿನ್ನಿನ ಮೇಲೆ ತಿರುಗುವ ಭಾರದ ಚಕ್ರ) ಶಾಫ್ಟಿಗೆ ಕಚ್ಚಿಸುವ ಕೀ ತುಂಡಾಗಿ ಕಿಡಿಯ ಸಮಯ ತಪ್ಪಿರುವ ಸಾಧ್ಯತೆಯಿದೆ. ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಮರಗಳು ಇನ್ನೂ ನಿಂತಿರುವುದರಿಂದ ಇದು ಅಲ್ಲಿ ಅಪರೂಪದ ದೋಷವಲ್ಲ. ಫ್ಲೈವೀಲ್ ಕೀಳಲು ಪುಲ್ಲರ್ ಬೇಕು. ಸುತ್ತಿಗೆಯಿಂದ ಬಡಿಯುವ ಮೆಕ್ಯಾನಿಕ್ಕಿನಿಂದ ಮೋಟಾರನ್ನು ಎತ್ತಿಕೊಂಡು ಬಂದುಬಿಡಿ.

ಒತ್ತಡ

ಇಷ್ಟೂ ಸರಿಯಿದ್ದು ಮೋಟಾರು ಏಳದಿದ್ದರೆ ಕಂಪ್ರೆಷನ್ ಗೇಜ್ ಹಾಕಿ ನೋಡಬೇಕು. ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ವೈರುಗಳನ್ನು ಇಂಜಿನ್ನಿನ ಮೈಗೆ ಕಟ್ಟಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಮುಳ್ಳು ನಿಲ್ಲುವವರೆಗೆ ನಾಲ್ಕೈದು ಸಲ ಎಳೆಯಿರಿ. ಸಣ್ಣ ಟೂ ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ 90ರಿಂದ 120 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಬರುತ್ತದೆ. ಅಂಕಿಗಿಂತಲೂ ಎರಡು ಸಿಲಿಂಡರುಗಳ ನಡುವಿನ ಅಂತರ ಮುಖ್ಯ, ಅದು ಶೇ. 15 ಮೀರಿದರೆ ರಿಂಗು, ಗ್ಯಾಸ್ಕೆಟ್ಟು ಅಥವಾ ಪಿಸ್ಟನ್ನಿನ ಮಾತು, ಮೋಟಾರು ಬಿಚ್ಚಲೇಬೇಕು. ಫೋರ್ ಸ್ಟ್ರೋಕಿನಲ್ಲಿ ಹಗ್ಗ ಹಗುರಾಗಲೆಂದು ಒತ್ತಡ ಬಿಡುವ ಏರ್ಪಾಡಿರುವುದರಿಂದ ಅಂಕಿ ಕಡಿಮೆ ಬಂದರೆ ಗಾಬರಿಯಾಗದೆ ಕೈಪಿಡಿಯೊಡನೆ ಹೋಲಿಸಿ ನೋಡಿ.

ಫೋರ್ ಸ್ಟ್ರೋಕಿನವರಿಗೆ ಮಾತ್ರ ಇರುವ ಇನ್ನೊಂದು ಗಂಡಾಂತರವೆಂದರೆ, ಸಾಗಿಸುವಾಗ ತಪ್ಪು ಮಗ್ಗುಲಿಗೆ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿದು, ಹಗ್ಗ ಕಲ್ಲಿಗೆ ಕಟ್ಟಿದಂತೆ ನಿಂತುಬಿಡುತ್ತದೆ. ಬಲ ಹಾಕಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ಗು ಬಿಚ್ಚಿ ನಿಧಾನವಾಗಿ ಎಳೆದು ಆಯಿಲನ್ನು ಹೊರಹಾಕಿ, ಮಟ್ಟ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಸ್ವಲ್ಪ ಹೊತ್ತು ನೀಲಿ ಹೊಗೆ ಬರುವುದು ಸಹಜ. ಯಾವ ಮಗ್ಗುಲಿಗೆ ಮಲಗಿಸಬೇಕು ಎಂಬುದನ್ನು ಮೋಟಾರಿನ ಮೈಮೇಲೆಯೇ ಗುರುತು ಹಾಕಿರುತ್ತಾರೆ.

ನೀರಿನಲ್ಲಿ ಓಡುವಾಗಿನ ಒರಟುತನ

ಡ್ರಮ್ಮಿನಲ್ಲಿ ಚೆನ್ನಾಗಿ ಓಡಿ ಹಿನ್ನೀರಿನಲ್ಲಿ ನಡುಗುವ ಮೋಟಾರಿನ ದೋಷ ಇಂಜಿನ್ನಿನಲ್ಲೇ ಇರಬೇಕೆಂದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿಗೆ ತಾಗಿ ಪ್ರೊಪೆಲರಿನ ಒಂದು ರೆಕ್ಕೆ ಬಾಗಿದ್ದರೂ ಇಡೀ ದೋಣಿ ನಡುಗುತ್ತದೆ. ಇಂಜಿನ್ನಿನ ಸದ್ದು ಏರಿದರೂ ದೋಣಿಗೆ ವೇಗ ಬರದಿದ್ದರೆ ಪ್ರೊಪೆಲರಿನೊಳಗಿನ ರಬ್ಬರ್ ಜಾರುತ್ತಿದೆ, ಇಲ್ಲವೇ ಸಣ್ಣ ಮೋಟಾರುಗಳಲ್ಲಿರುವ ಶಿಯರ್ ಪಿನ್ನು ತುಂಡಾಗಿದೆ. ಆ ಪಿನ್ನು ತುಂಡಾಗಲೆಂದೇ ಇರುವುದು. ಅದರ ಜಾಗಕ್ಕೆ ಮೊಳೆ ತುಂಡರಿಸಿ ಹಾಕಿದರೆ ಮುಂದಿನ ಹೊಡೆತ ಗೇರಿಗೇ ಬೀಳುತ್ತದೆ. ಹರಿದ ಬಲೆಯ ನೂಲು ಪ್ರೊಪೆಲರಿನ ಹಿಂದೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುವುದೂ ಉಂಟು. ಆದ್ದರಿಂದ ತಿಂಗಳಿಗೊಮ್ಮೆ ಪ್ರೊಪೆಲರ್ ಕಳಚಿ ನೋಡುವುದು ಒಳ್ಳೆಯದು.

ಇಂಜಿನ್ನಿನ ಪಕ್ಕದಿಂದ ಚಿಮ್ಮುವ ನೀರಿನ ಎಳೆಯ ಮೇಲೆ ಸದಾ ಕಣ್ಣಿರಲಿ. ಅದು ಸೊರಗಿದರೆ ಮೋಟಾರು ಕಾಯುತ್ತದೆ, ಕಾದ ಮೋಟಾರು ಬಲಗುಂದಿ ಒರಟಾಗುತ್ತದೆ. ಮೊದಲು ಆ ಸಣ್ಣ ತೂತಿಗೇ ನೈಲಾನ್ ದಾರ ಹಾಕಿ ನೋಡಿ. ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ. ಆಮೇಲೆ ಕೆಳಗೆ ನೀರು ಎಳೆಯುವ ಜರಡಿಗೆ ಕಳೆಯೋ ಪ್ಲಾಸ್ಟಿಕ್ ಚೀಲವೋ ಅಂಟಿದೆಯೇ ನೋಡಬೇಕು. ಅದೂ ಅಲ್ಲದಿದ್ದರೆ ಪಂಪಿನ ರಬ್ಬರ್ ಚಕ್ರವನ್ನು ಬದಲಿಸಬೇಕು. ಹೊಸ ನೀರಿನೊಡನೆ ಮಣ್ಣು ಬರುವ ನಮ್ಮ ಕಡೆ ಅದನ್ನು ವರ್ಷಕ್ಕೊಮ್ಮೆ ಬದಲಿಸಿದರೆ ಜಾಸ್ತಿಯೇನಲ್ಲ. ಕರಾವಳಿಯಿಂದ ಬಂದ ಮೋಟಾರಿನಲ್ಲಿ ನೀರಿನ ದಾರಿಗಳಿಗೆ ಉಪ್ಪು ಕಚ್ಚಿರುತ್ತದೆ, ಹೊಸ ಚಕ್ರ ಹಾಕಿದರೂ ಎಳೆ ತೆಳ್ಳಗೇ ಇರುತ್ತದೆ.

ಕಾರ್ಬುರೇಟರಿನ ಬಾಯಿಯಿಂದ ಪೆಟ್ರೋಲಿನ ಮಂಜು ಹಿಂದಕ್ಕೆ ಉಗುಳಿದಂತೆ ಬರುತ್ತಿದ್ದರೆ, ಟೂ ಸ್ಟ್ರೋಕಿನಲ್ಲಿ, ಮಿಶ್ರಣವನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದ ರೀಡ್ ಕವಾಟದ ತೆಳು ಎಸಳು ಮುರಿದಿದೆ ಅಥವಾ ಅಂಚು ಮೇಲೆದ್ದಿದೆ.

ಕೊಟ್ಟಿಗೆಗೆ ಸೇರಿಸುವ ದಿನ

ಮುಂದಿನ ಮುಂಗಾರಿಗೆ ಇಷ್ಟೆಲ್ಲ ಮತ್ತೆ ಓದುವ ಪ್ರಮೇಯ ಬರಬಾರದೆಂದಿದ್ದರೆ, ಕೊನೆಯ ಸಲ ಓಡಿಸುವಾಗ ಪೆಟ್ರೋಲಿನ ಪೈಪನ್ನು ಕಳಚಿ ಮೋಟಾರು ತಾನಾಗಿ ಆರುವವರೆಗೆ ಡ್ರಮ್ಮಿನಲ್ಲಿ ಓಡಿಸಿ. ಅಷ್ಟಕ್ಕೂ ಬಟ್ಟಲಿನಲ್ಲಿ ನಾಲ್ಕು ಹನಿ ಉಳಿದೇ ಇರುತ್ತದೆ, ಅದನ್ನು ತಳದ ಸ್ಕ್ರೂವಿನಿಂದ ಇಳಿಸಿಬಿಡಿ. ಪ್ಲಗ್ಗಿನ ತೂತಿಗೆ ಒಂದು ಚಮಚ ಟೂ ಸ್ಟ್ರೋಕ್ ಆಯಿಲ್ ಹಾಕಿ, ಎರಡು ಸಲ ನಿಧಾನ ಎಳೆದು ಪ್ಲಗ್ಗು ಮುಚ್ಚಿ. ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಸಡಿಲಿಸಿದಾಗ ಹಾಲು ಬೆರೆಸಿದ ಚಹಾದಂತೆ ಬಂದರೆ ಸೀಲಿನಿಂದ ನೀರು ಸೇರಿದೆ. ಅದನ್ನು ಜುಲೈವರೆಗೆ ಮುಂದೂಡದೆ ಬೇಸಿಗೆಯಲ್ಲೇ ಮಾಡಿಸಿ, ಆಗ ಮೆಕ್ಯಾನಿಕ್ಕಿಗೂ ಪುರುಸೊತ್ತಿರುತ್ತದೆ. ಒಳಗಿನ ನೀರೆಲ್ಲ ಇಳಿದುಹೋಗುವಂತೆ ಮೋಟಾರನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಆಯಿಲ್ ಬೆರೆತಿಲ್ಲದಿದ್ದರೆ ಆ ವಾರವೇ ಸ್ಕೂಟರಿಗೆ ಹಾಕಿ ಮುಗಿಸಿಬಿಡಿ.